ಓದುಗರ ಪ್ರಶ್ನೆ: ಚರ್ಚಿನ ಪೀಠದ ಬಳಿ ನಿಲ್ಲುವ ಯೋಗ್ಯತೆ ನನಗಿದೆಯೇ?

ಪ್ರಶ್ನೆ: ನಾನು ಮಂಡ್ಯದ ಕಥೋಲಿಕ ಕ್ರೈಸ್ತ. ಕುಡಿತಕ್ಕೆ ಬಿದ್ದು ಹಲವು ವರ್ಷ ದೇವಾಲಯದ ಕಡೆ ತಲೆ ಹಾಕಿರಲಿಲ್ಲ. ಈಗ ಬಿಟ್ಟಿದ್ದೇನೆ. ಫಾದರ್ ಬಳಿ ಪಾಪನಿವೇದನೆ (ಪಾಪಗಳನ್ನು ಹೇಳಿಕೊಂಡು ಕ್ಷಮೆ ಬೇಡುವುದು) ಮಾಡಿ ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗುತ್ತೇನೆ. ಪೂಜೆಯಲ್ಲಿ ವಾಚನ (ಬೈಬಲಿನ ಭಾಗ) ಓದಲು ಹೆಸರು ಕೊಡಿ ಎಂದು ಫಾದರ್ ಕೇಳುತ್ತಿದ್ದಾರೆ. ನನ್ನ ಹಳೆಯದೆಲ್ಲ ಊರಿಗೇ ಗೊತ್ತು. ಏಳನೇ ಕ್ಲಾಸಿಗೇ ಓದು ನಿಂತಿತು, ಮಾತೂ ಹಳ್ಳಿಯದು. ಏನು ಮಾಡಲಿ?

ಉತ್ತರ: ಹೆಸರು ಕೊಡಿ. ನಿಮ್ಮ ಪತ್ರದಲ್ಲಿ ಮೂರು ಬಗೆಯ ಅಳುಕು ಒಂದೇ ಗಂಟಾಗಿವೆ. ಬಿಡಿಸಿ ನೋಡೋಣ.

ಮೊದಲನೆಯದು ಪಾಪದ ಭಾರ. ನಿವೇದನೆ ಮಾಡಿ, ಗುರುಗಳು (ಫಾದರ್) ಕ್ಷಮೆಯ ಮಾತು ಹೇಳಿದ ಮೇಲೆ ಆ ಪಾಪ ಉಳಿದಿಲ್ಲ. ನೆನಪು ಚುಚ್ಚುತ್ತಿದೆಯೆಂದು ಅದನ್ನೇ ಮತ್ತೆ ಮತ್ತೆ ನಿವೇದಿಸಬೇಡಿ. ಹಾಗೆ ಮಾಡಿದಷ್ಟೂ ಸಂಶಯ ಬೆಳೆಯುತ್ತದೆ. ಒಬ್ಬರೇ ಗುರುಗಳ ಬಳಿ ಹೋಗುತ್ತಿರಿ, ಸಾಕು ಎಂದು ಅವರು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಇನ್ನು ಯೋಗ್ಯತೆಯ ಮಾತು. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ, ದ್ರಾಕ್ಷಾರಸದ ರೂಪದಲ್ಲಿ ಕ್ರಿಸ್ತರನ್ನು ಸ್ವೀಕರಿಸುವುದು) ಮುಂಚೆ 'ನಾನು ಯೋಗ್ಯನಲ್ಲ' ಎಂದು ಎಲ್ಲರೂ ಪ್ರಾರ್ಥಿಸುತ್ತೇವಲ್ಲ, ಅದು ಮತ್ತಾಯನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ರೋಮನ್ ಶತಾಧಿಪತಿ (ಸೇನಾಧಿಕಾರಿ) ಯೇಸುವಿಗೆ ಹೇಳಿದ್ದು. ಗುರುಗಳೂ ಜನರ ಜೊತೆಗೇ ಅದನ್ನು ಹೇಳುತ್ತಾರೆ. ಕಾಣಿಕೆಯ ಅರ್ಪಣೆಯಾದ ಮೇಲೆ ಅವರು ಪೀಠದ ಪಕ್ಕಕ್ಕೆ ಸರಿದು ಕೈಗೆ ನೀರು ಹಾಕಿಸಿಕೊಳ್ಳುವುದನ್ನು ಗಮನಿಸಿ. ಆಗ ಮೆಲುದನಿಯಲ್ಲಿ ಅವರು ಬೇಡುವುದು ತಮ್ಮ ಪಾಪವನ್ನು ತೊಳೆಯಬೇಕೆಂದೇ. ಯೋಗ್ಯರಾದವರು ಮಾತ್ರ ಬರಲಿ ಎಂದಿದ್ದರೆ ಪೂಜೆ ಅರ್ಪಿಸುವುದಕ್ಕೇ ಜನ ಸಿಗುತ್ತಿರಲಿಲ್ಲ.

ಎರಡನೆಯದು ಜನರ ಬಾಯಿ. ಅದನ್ನು ಮುಚ್ಚಿಸಲು ಹೋಗಬೇಡಿ. ಆದರೆ ಕುಡಿತದ ದಿನಗಳಲ್ಲಿ ಯಾರಿಗಾದರೂ ಕೈ ಮಾಡಿದ್ದರೆ, ಯಾರ ಸಾಲವಾದರೂ ಬಾಕಿ ಇದ್ದರೆ ಮೊದಲು ಅವರ ಮನೆಗೆ ಹೋಗಿ ಬನ್ನಿ. ಪೂರ್ತಿ ತೀರಿಸಲಾಗದಿದ್ದರೆ ತಿಂಗಳಿಗಿಷ್ಟು ಎಂದು ಮಾತು ಕೊಡಿ. ಇನ್ನೊಂದು ಎಚ್ಚರ: ವಾಚನಕ್ಕೆ ಬಂದವರಿಗೆ ಮುಂದೆ ಪೂಜೆಯ ಸಾಮಾನು ಜೋಡಿಸುವ ಕೆಲಸವೂ ಬರುತ್ತದೆ. ಪೂಜೆಗೆ ಬಳಸುವ ದ್ರಾಕ್ಷಾರಸದ (ವೈನ್) ಬಾಟಲಿ, ಅದನ್ನಿಡುವ ಕಪಾಟಿನ ಬೀಗದ ಕೈ ನಿಮಗೆ ಬೇಡ ಎಂದು ಫಾದರ್‌ಗೆ ಈಗಲೇ ಹೇಳಿಡಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ರೊಟ್ಟಿಯ ರೂಪದಲ್ಲಿ ಮಾತ್ರ ಪರಮಪ್ರಸಾದ ಸ್ವೀಕರಿಸಿದರೂ ಕ್ರಿಸ್ತರನ್ನು ಪೂರ್ಣವಾಗಿಯೇ ಸ್ವೀಕರಿಸಿದಂತೆ.

ಮೂರನೆಯದು ಓದು. ಇದು ಕಲಿತರೆ ಬರುತ್ತದೆ. ವಾಚನವನ್ನು ಬುಧವಾರವೇ ಕೇಳಿ ಪಡೆದು ದಿನಕ್ಕೆರಡು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ನಾಲಿಗೆ ಎಲ್ಲಿ ತೊಡರುತ್ತದೆಂಬುದು ಗೊತ್ತಾಗುವುದಿಲ್ಲ. ಸಂತ ಪೌಲರ ಪತ್ರಗಳ ವಾಕ್ಯ ಉದ್ದ, ಕ್ರಿಯಾಪದ ಕೊನೆಯಲ್ಲಿ ಬರುತ್ತದೆ; ಅರ್ಧದಲ್ಲಿ ಉಸಿರು ಮುಗಿದರೆ ಕೇಳುವವರಿಗೆ ಅರ್ಥ ಕೈತಪ್ಪುತ್ತದೆ. ಉಸಿರು ತೆಗೆದುಕೊಳ್ಳುವ ಕಡೆ ನಿಮ್ಮ ಪ್ರತಿಯಲ್ಲಿ ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ನಮ್ಮ ಮಂಡ್ಯದ ಕಡೆ 'ಹಾಲು' 'ಆಲು' ಆಗುವುದು ಸಹಜ, ಆದ್ದರಿಂದ ಹಕಾರ ಇರುವ ಪದಗಳಿಗೆ ಸುತ್ತು ಹಾಕಿ ಅವನ್ನಷ್ಟೇ ಹತ್ತು ಸಲ ಹೇಳಿ. ಉಳಿದಂತೆ ನಿಮ್ಮ ದನಿ ನಿಮ್ಮದೇ ಇರಲಿ, ಪಟ್ಟಣದ ದನಿ ಎರವಲು ತರಬೇಡಿ. ಪಂಚಾಶತ್ತಮ ಹಬ್ಬದಂದು (ಪೆಂತೆಕೋಸ್ತ್) ಕಪ್ಪದೋಕ್ಯ, ಪಂಫುಲ್ಯ ಎಂದು ನಾಡುಗಳ ಪಟ್ಟಿಯೇ ಬರುತ್ತದೆ. ನೀವು ಮೊದಲ ಸಲ ಓದುವ ಸರದಿಯನ್ನು ಆ ಭಾನುವಾರಕ್ಕೆ ಒಪ್ಪಿಕೊಳ್ಳಬೇಡಿ.

ಕೆಂಪಕ್ಷರದಲ್ಲಿರುವ ತಲೆಬರಹವನ್ನೂ ವಚನಗಳ ಸಂಖ್ಯೆಯನ್ನೂ ಓದುವಂತಿಲ್ಲ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಲಿ. ಪೂಜೆಗೆ ಕಾಲು ಗಂಟೆ ಮುಂಚೆ ಹೋಗಿ ಪುಸ್ತಕದ ಪುಟವನ್ನೂ ಗುರುತಿನ ದಾರವನ್ನೂ ಕಣ್ಣಾರೆ ನೋಡಿ. ಮೊದಲ ಸಲ ಓದುವವರು ಹೆಚ್ಚಾಗಿ ಗಾಬರಿಯಾಗುವುದು ತಪ್ಪು ಪುಟ ತೆರೆದುಕೊಂಡಾಗಲೇ. ತಪ್ಪಿದರೆ ಆ ವಾಕ್ಯವನ್ನು ಮೊದಲಿನಿಂದ ಓದಿ ಮುಂದೆ ಹೋಗಿ. ಕ್ಷಮೆ ಕೇಳುವುದು ಬೇಡ.

ಪ್ರಶ್ನೆ: ಮೈಸೂರಿನ ಕಥೋಲಿಕ ಹೆಂಗಸು. ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದೇನೆ, ಪರಮಪ್ರಸಾದ ಸ್ವೀಕರಿಸುವುದಿಲ್ಲ. ದೇವಾಲಯದ ಕೆಲಸಕ್ಕೆ ಕೈ ಹಾಕಬಹುದೇ?

ಉತ್ತರ: ಹಾಕಬಹುದು. ಪರಮಪ್ರಸಾದ ಹಂಚುವುದು, ಮಗುವಿನ ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ) ಜ್ಞಾನತಾಯಿಯಾಗುವುದು (ಗಾಡ್‌ಮದರ್) ಸದ್ಯಕ್ಕೆ ಆಗದು. ವಾಚನ, ಧರ್ಮೋಪದೇಶದ ತರಗತಿಯ ಬಗ್ಗೆ ನಿಮ್ಮ ಗುರುಗಳನ್ನೇ ಕೇಳಿ. ಕಾಯಿಲೆಯವರ ಮನೆಗೆ ಹೋಗಿಬರಲು, ಹೂ ಜೋಡಿಸಲು, ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ದೋರನಹಳ್ಳಿಗೆ ಬರುವ ಭಕ್ತರಿಗೆ ನೀರು ಕೊಡಲು ಯಾವ ಅಡ್ಡಿಯೂ ಇಲ್ಲ.

ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಮದುವೆ ಚರ್ಚಿನ ವಿಧಿಯಂತೆ ಆಗಿಲ್ಲ; ನಿಮಗಿರುವುದು ಈ ನಿಯಮದ ತೊಡಕು, ಇಬ್ಬರಿಗೂ ಹಿಂದೆ ಬೇರೆ ಮದುವೆ ಆಗಿರದಿದ್ದರೆ ಸಾಮಾನ್ಯವಾಗಿ ಬಿಡಿಸಬಹುದು. ನಿಮ್ಮ ಯಜಮಾನರು ಮತಾಂತರವಾಗಬೇಕಿಲ್ಲ. ಕಥೋಲಿಕ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಆ ವಿಶ್ವಾಸದಲ್ಲೇ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂದು ನೀವು ಮಾತು ಕೊಡಬೇಕು. ಅದು ಅವರಿಗೂ ತಿಳಿದಿರಬೇಕು. ಜ್ಞಾನಸ್ನಾನವಾದ ದೇವಾಲಯದಿಂದ ಹೊಸದಾಗಿ ಬರೆಸಿಕೊಂಡ ಪ್ರಮಾಣಪತ್ರ, ಮದುವೆ ನೋಂದಣಿಯ ನಕಲು ಹಿಡಿದು ಗುರುಗಳನ್ನು ಕಾಣಿ. ಅನುಮತಿಗಾಗಿ ಅವರು ಮೈಸೂರಿನ ಧರ್ಮಾಧ್ಯಕ್ಷರಿಗೆ (ಬಿಷಪ್) ಬರೆಯುತ್ತಾರೆ. ಅದು ಬಂದ ಮೇಲೆ ಇಬ್ಬರು ಸಾಕ್ಷಿಗಳ ಮುಂದೆ ಚಿಕ್ಕ ವಿಧಿ ನಡೆಯುತ್ತದೆ, ಛತ್ರ, ಊಟ ಏನೂ ಬೇಕಿಲ್ಲ. ಯಜಮಾನರು ನಿಮ್ಮೊಡನೆ ಬಾಳುವ ಮನಸ್ಸಿದ್ದೂ ದೇವಾಲಯಕ್ಕೆ ಬಂದು ಮತ್ತೆ ಸಮ್ಮತಿ ಹೇಳಲು ಒಪ್ಪದಿದ್ದರೆ, ಅದಿಲ್ಲದೆಯೇ ಮದುವೆಯನ್ನು ಸಿಂಧುಗೊಳಿಸುವ ಅವಕಾಶ ಧರ್ಮಸಭೆಯ ಕಾನೂನಿನಲ್ಲಿದೆ. ಅದನ್ನೂ ಗುರುಗಳ ಬಳಿ ಕೇಳಿ.