ಬಾಕ್ಸಿನ ಮೇಲಿನ ಕೋಡ್ ಸರಿಯಾಗಿದ್ದರೆ ಶೂ ಅಸಲಿ ಎಂದು ನಂಬಬಹುದೇ?

ಮರುಮಾರಾಟಗಾರನೊಬ್ಬ ₹9,500ಕ್ಕೆ ನೈಕಿ ಕಂಪನಿಯ ಏರ್ ಜೋರ್ಡನ್ ಶೂ ಕೊಡುತ್ತೇನೆನ್ನುತ್ತಾನೆ, ಕೋಡ್ ತಾಳೆಯಾಗುತ್ತಿದೆ, ಇನ್ನೇನು ಪರೀಕ್ಷಿಸಲಿ ಎಂದು ಕೇಳಿದ್ದೀರಿ. 2023ರ ಆರಂಭದಲ್ಲಿ ನಾನು ಈ ಪ್ರಶ್ನೆಯನ್ನು ಯಾರ ಬಳಿಯೂ ಕೇಳದೆ ₹18,000 ಕಳೆದುಕೊಂಡೆ.

ನಾನು ಕೊಂಡದ್ದು 2022ರ ನವೆಂಬರಿನಲ್ಲಿ ಬಿಡುಗಡೆಯಾದ ಏರ್ ಜೋರ್ಡನ್ 1ರ ‘ಲಾಸ್ಟ್ ಆ್ಯಂಡ್ ಫೌಂಡ್’ ಎಂಬ ಮಾದರಿ. 1985ರ ಜೋಡಿಯೊಂದು ಯಾವುದೋ ಹಳೆಯ ಅಂಗಡಿಯ ಉಗ್ರಾಣದಲ್ಲಿ ಈಗ ಸಿಕ್ಕಿತೇನೋ ಎಂಬಂತೆ ಕಾಣಲಿ ಎಂದು ಕಂಪನಿಯೇ ಅದರ ಕಣಕಾಲಿನ ಭಾಗದ ಚರ್ಮಕ್ಕೆ ಬಿರುಕಿನ ರೂಪ ಕೊಟ್ಟು, ಬಾಕ್ಸಿಗೆ ಹೊಂದದ ಮುಚ್ಚಳ ಹಾಕಿ, ಒಳಗೆ ಹಳೆಯ ಕಾಲದ ರಸೀದಿಯಂಥ ಚೀಟಿಯನ್ನೂ ಇಟ್ಟಿತ್ತು. ನಕಲು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇಕೇ? ಕಣ್ಣಿಗೆ ಬಿದ್ದ ದೋಷವನ್ನೆಲ್ಲ ನಾನು ವಿನ್ಯಾಸವೆಂದೇ ತಿಳಿದೆ.

ಆದರೆ ನನ್ನನ್ನು ಕೆಡಿಸಿದ್ದು ಆ ಕೋಡ್. ಜಯನಗರದ ಬಸ್ ನಿಲ್ದಾಣದ ಬಳಿ ಮಾರುವವನ ಎದುರಿಗೇ ನಿಂತು, ಬಾಕ್ಸಿನ ಮೇಲಿದ್ದ ಡಿಜೆಡ್5485-612 ಎಂಬುದನ್ನು ಶೂ ಒಳಗಿನ ಅಳತೆಯ ಪಟ್ಟಿಯೊಂದಿಗೆ ಹೋಲಿಸಿದೆ. ಎರಡೂ ಒಂದೇ ಆಗಿದ್ದವು. ಮೊಬೈಲಿನಲ್ಲಿ ಹುಡುಕಿದಾಗ ಅದೇ ಶೂನ ಚಿತ್ರ ಬಂತು. ಅಲ್ಲಿಗೆ ನನ್ನ ಪರೀಕ್ಷೆ ಮುಗಿದು, ಅವನ ಖಾಸಗಿ ಖಾತೆಗೆ ಯುಪಿಐ ಮೂಲಕ ಹಣ ಹೋಯಿತು. ಆ ಕೋಡ್‌ನ ಮೊದಲ ಭಾಗ ಮಾದರಿಯನ್ನೂ ಕೊನೆಯ ಮೂರು ಅಂಕಿಗಳು ಬಣ್ಣವನ್ನೂ ಸೂಚಿಸುತ್ತವೆಯೇ ಹೊರತು, ನಿಮ್ಮ ಕೈಯಲ್ಲಿರುವ ಜೋಡಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನನ್ನ ಸ್ಕೂಟರಿನ ನೋಂದಣಿ ಸಂಖ್ಯೆ ನನ್ನ ಸ್ಕೂಟರಿಗೊಂದೇ ಸೇರಿದ್ದು, ಆದರೆ ಅದರ ಮೈಮೇಲಿರುವ ಮಾದರಿಯ ಹೆಸರು ಕದ್ದ ಗಾಡಿಯ ಮೇಲೂ ಇರುತ್ತದೆ. ನಾನು ಓದಿದ್ದು ಮಾದರಿಯ ಹೆಸರನ್ನು, ನಂಬಿದ್ದು ನೋಂದಣಿ ಸಂಖ್ಯೆಯೆಂದು. ಚರ್ಮವನ್ನೇ ನಕಲು ಮಾಡಬಲ್ಲವನಿಗೆ ಹತ್ತು ಅಕ್ಷರದ ಚೀಟಿ ಅಚ್ಚು ಹಾಕಿಸುವುದು ಯಾವ ದೊಡ್ಡ ಕೆಲಸ?

ಎರಡು ತಿಂಗಳ ಬಳಿಕ, ಅಮೆರಿಕದಿಂದ ಇದೇ ಮಾದರಿಯನ್ನು ತಂದಿದ್ದ ಸಹೋದ್ಯೋಗಿ ಎರಡೂ ಜೋಡಿಗಳನ್ನು ಮೇಜಿನ ಮೇಲೆ ಬೆನ್ನು ಮಾಡಿ ಇಟ್ಟರು. ಅವರದು ಹಿಮ್ಮಡಿಯ ಕಡೆಯಿಂದ ಡಮರುವಿನಂತೆ ನಡು ಸಣ್ಣಗಾಗಿತ್ತು, ನನ್ನದು ಸೇರಿನಂತೆ ನೆಟ್ಟಗಿತ್ತು. ಮಾರಿದವನಿಗೆ ಕರೆ ಮಾಡಿದರೆ, ಮಾರಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಉತ್ತರ ಬಂತು. ಬಳಿಕ ಆ ಸಂಖ್ಯೆಯೇ ಮೌನವಾಯಿತು.

ಆದ್ದರಿಂದ ‘ಇನ್ನೇನು ಪರೀಕ್ಷಿಸಲಿ’ ಎಂಬ ಪ್ರಶ್ನೆಯನ್ನೇ ಕೈಬಿಡಿ ಎನ್ನುತ್ತೇನೆ. ನಕಲಿ ಸ್ನೀಕರ್‌ಗಳಿಗೆ ಹೆಸರಾದ ಚೀನಾದ ಪುಟಿಯಾನ್ ನಗರ 1980ರ ದಶಕದಿಂದ ವಿದೇಶಿ ಕಂಪನಿಗಳಿಗೆ ಅಸಲಿ ಶೂ ಹೊಲಿದುಕೊಟ್ಟೇ ಕಸುಬು ಕಲಿತ ಊರು. ಡಮರುವಿನ ಆಕಾರವನ್ನೂ ಅಲ್ಲಿಯವರು ಇಂದಲ್ಲ ನಾಳೆ ತಂದುಕೊಳ್ಳುತ್ತಾರೆ. ಪ್ರತಿ ಜೋಡಿಯನ್ನೂ ಪರಿಶೀಲಿಸಿ ಕಳುಹಿಸುತ್ತೇವೆ ಎನ್ನುತ್ತಿದ್ದ, ಅಂತರ್ಜಾಲದಲ್ಲಿ ಶೂ ಮರುಮಾರಾಟ ನಡೆಸುವ ಅಮೆರಿಕದ ಸ್ಟಾಕ್‌ಎಕ್ಸ್ ಕಂಪನಿಯೇ 37 ನಕಲಿ ಜೋಡಿಗಳನ್ನು ಮಾರಿದ್ದಕ್ಕೆ ಹೊಣೆ ಎಂದು ನ್ಯೂಯಾರ್ಕಿನ ನ್ಯಾಯಾಲಯ 2025ರಲ್ಲಿ ಹೇಳಿತು. ಪರಿಣತರೇ ಎಡವಿದಲ್ಲಿ ನೀವು ಮೊಬೈಲಿನ ಬೆಳಕಿನಲ್ಲಿ ಹೊಲಿಗೆ ಎಣಿಸಿ ಏನು ಕಂಡುಕೊಳ್ಳುತ್ತೀರಿ?

ಶೂವನ್ನು ಬಿಟ್ಟು ಮಾರುವವನನ್ನು ಪರೀಕ್ಷಿಸಿ. ಅವನ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಕೇಳಿ. ಬಿಲ್ ಬೇಡವೆಂದರೆ ಇನ್ನೂ ₹500 ಕಡಿಮೆ ಮಾಡುತ್ತೇನೆ ಎಂದನೋ, ಅಲ್ಲಿಂದಲೇ ಹಿಂತಿರುಗಿ. ಅಂತರ್ಜಾಲದ ಮಾರಾಟಗಾರರು ನಕಲಿ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರನ್ನೂ ಕೊಡಬಹುದು. ಆದರೆ ಬಿಲ್ ಇಲ್ಲದ ನಾನು ಯಾರ ಮೇಲೆಂದು ದೂರು ಕೊಡಲಿ? ₹9,500ಕ್ಕೆ ಕಂಪನಿಯ ಅಂಗಡಿಯಲ್ಲೇ ಬೇರೊಂದು ಒಳ್ಳೆಯ ಜೋಡಿ ಬರುತ್ತದೆ. ಹೆಸರು ಸಣ್ಣದಾದರೂ ಅದನ್ನೇ ಕೊಳ್ಳಿ.

ನನ್ನ ಜೋಡಿಯನ್ನು ಯಾರಿಗಾದರೂ ದಾಟಿಸಿಬಿಡು ಎಂದು ತಮ್ಮ ಹೇಳಿದ್ದ. ಬಾಕ್ಸು, ಕೋಡು, ರಸೀದಿ ಎಲ್ಲವೂ ಇದ್ದವು, ಹೋಗಿಯೂಬಿಡುತ್ತಿತ್ತು. ಈಗ ಅದನ್ನು ಮಳೆಯಲ್ಲಿ ಹಾಲು ತರಲು ಹೋಗುವಾಗ ಹಾಕಿಕೊಳ್ಳುತ್ತೇನೆ.