ಕೆಂಪಾದ ಅರಿಶಿನ, ಮಬ್ಬಾದ ಶಹಾಬಾದ್ ಕಲ್ಲು

ಪ್ರಶ್ನೆ: ಅರಿಶಿನ ಶಾಸ್ತ್ರದ ದಿನ ಯಜಮಾನರ ಬಿಳಿ ಪಂಚೆಗೆ ಅರಿಶಿನ ಮೆತ್ತಿಕೊಂಡಿತು. ಸೋಪು ಹಚ್ಚಿ ಉಜ್ಜಿದರೆ ಹಳದಿ ಹೋಗುವ ಬದಲು ಕೆಂಪಗಾಯಿತು. ಪಂಚೆ ಕೆಟ್ಟಿತೇ?
– ಗೃಹಿಣಿ, ಹಾಸನ

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್‌ಗೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಬಟ್ಟೆ ಸೋಪು ಕ್ಷಾರ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡಲೇ ಓಕುಳಿ ಕೆಂಪೇರುತ್ತದಲ್ಲ, ನಿಮ್ಮ ಪಂಚೆಯ ಮೇಲೂ ಆದದ್ದು ಅದೇ. ಸೋಪಿನಂಶ ಪೂರ್ತಿ ಹೋಗುವವರೆಗೆ ಜಾಲಿಸಿದರೆ ಕೆಂಪು ಇಳಿದು ಹಳದಿ ಉಳಿಯುತ್ತದೆ.

ಆ ಹಳದಿ ಬರೀ ನೀರಿಗೆ ಕರಗುವುದಿಲ್ಲ. ಶಾಸ್ತ್ರದ ಅರಿಶಿನಕ್ಕೆ ಎಣ್ಣೆ ಕಲಸಿದ್ದರೆ ಬಣ್ಣ ಎಳೆಯೊಳಗೇ ಇಳಿದಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಕಲೆಯ ಮೇಲೆ ಹಚ್ಚಿ 15 ನಿಮಿಷ ಬಿಡಿ. ಉಗುರುಬೆಚ್ಚಗಿನ ನೀರಿನಲ್ಲಿ ಬೆರಳಿನಿಂದಲೇ ತಿಕ್ಕಿ ಜಾಲಿಸಿ. ಮಿಕ್ಕ ಕೆಲಸ ಬಿಸಿಲಿನದು. ಪಂಚೆ ಒದ್ದೆ ಇರುವಾಗಲೇ ಕಲೆಯ ಭಾಗ ನೇರ ಬಿಸಿಲಿಗೆ ಬರುವಂತೆ ಹರವಿ. ಒಣಗಿದರೆ ಮತ್ತೆ ನೀರು ಚಿಮುಕಿಸಿ. ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ. ಒಳ್ಳೆ ಬಿಸಿಲಿದ್ದರೆ ಎರಡು ಮೂರು ದಿನದಲ್ಲಿ ಕಲೆ ಗುರುತಿಲ್ಲದಂತೆ ಹೋಗಬಹುದು. ಅಲ್ಲಿಯವರೆಗೆ ಇಸ್ತ್ರಿ ಮಾಡಬೇಡಿ. ಬಣ್ಣದ ಬಟ್ಟೆಗೆ ಈ ಬಿಸಿಲಿನ ಉಪಾಯ ಆಗದು, ಬಟ್ಟೆಯ ಬಣ್ಣವೂ ಮಾಸುತ್ತದೆ. ರೇಷ್ಮೆಯಾದರೆ ಮನೆಯಲ್ಲಿ ಕೈ ಹಾಕದೆ ಡ್ರೈ ಕ್ಲೀನಿಂಗ್‌ಗೆ ಕೊಡಿ.

ಪ್ರಶ್ನೆ: ಬಚ್ಚಲಿನ ಶಹಾಬಾದ್ ಕಲ್ಲಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿತ್ತು. ಆ್ಯಸಿಡ್ ಹಾಕಿ ತಿಕ್ಕಿದೆವು. ಪದರ ಹೋಯಿತು, ಕಲ್ಲು ಮಾತ್ರ ಮಬ್ಬಾಗಿ ಒರಟಾಗಿದೆ.
– ಓದುಗರು, ಕಲಬುರಗಿ

ಉತ್ತರ: ಶಹಾಬಾದ್ ಸುಣ್ಣದ ಕಲ್ಲು. ಗಡಸು ನೀರು ಬಿಟ್ಟುಹೋಗುವ ಬಿಳಿ ಪದರವೂ ಬಹುಪಾಲು ಸುಣ್ಣದ್ದೇ. ಆ್ಯಸಿಡ್‌ಗೆ ಎರಡೂ ಒಂದೇ. ನೀವು ಕಂಡ ನೊರೆಯಲ್ಲಿ ಕಲ್ಲಿನ ಮೈಯೂ ಸೇರಿತ್ತು. ಹೋದ ಹೊಳಪು ಯಾವ ಲಿಕ್ವಿಡ್‌ನಿಂದಲೂ ಮರಳುವುದಿಲ್ಲ, ಮಷಿನ್ ಪಾಲಿಶ್ ಒಂದೇ ದಾರಿ. ಕಡಪಾ, ಮಾರ್ಬಲ್, ಮೊಸಾಯಿಕ್, ರೆಡ್ ಆಕ್ಸೈಡ್ ನೆಲಕ್ಕೂ ಆ್ಯಸಿಡ್, ನಿಂಬೆರಸ, ವಿನೆಗರ್ ತಾಗಿಸಬಾರದು. ಯಾವ ಕಲ್ಲೆಂದು ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಬಿಟ್ಟು ಐದು ನಿಮಿಷದ ಮೇಲೆ ಒರೆಸಿ ನೋಡಿ. ಮಬ್ಬು ಗುರುತು ಉಳಿದರೆ ಹುಳಿ ಆಗದ ಕಲ್ಲು ಅದು.

ಇನ್ನು ಮುಂದೆ ಸ್ನಾನವಾದ ಕೂಡಲೇ ವೈಪರ್ ಎಳೆದು ನೀರು ತೆಗೆಯಿರಿ. ನೀರು ನಿಂತು ಒಣಗದಿದ್ದರೆ ಪದರವೇ ಕಟ್ಟದು. ಸ್ಟೀಲ್ ನಲ್ಲಿಗಾದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ 20 ನಿಮಿಷ ಸುತ್ತಿಟ್ಟು ತೊಳೆಯಬಹುದು, ಹನಿ ಕಲ್ಲಿನ ಮೇಲೆ ಬೀಳದಂತೆ ಕೆಳಗೆ ಬಕೆಟ್ ಇಡಿ. ಆ್ಯಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಎಂದಿಗೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿರಿದಾದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಪ್ರಶ್ನೆ: ಎರಡು ತಿಂಗಳು ಮಗಳ ಮನೆಯಲ್ಲಿದ್ದು ವಾಪಸ್ ಬಂದರೆ ಫ್ಲ್ಯಾಟಿನ ತುಂಬ ಚರಂಡಿ ನಾತ. ಎಷ್ಟು ಫಿನಾಯಿಲ್ ಹಾಕಿದರೂ ಹೋಗುತ್ತಿಲ್ಲ.
– ನಿವೃತ್ತ ಶಿಕ್ಷಕರು, ಬೆಂಗಳೂರು

ಉತ್ತರ: ಫಿನಾಯಿಲ್ ನಾತವನ್ನು ಮುಚ್ಚುತ್ತದೆ ಅಷ್ಟೆ. ಬಾತ್‌ರೂಮಿನ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸದಾ ನಿಂತಿರುವ ನೀರೇ ಕೊಳವೆಯ ಗಾಳಿ ಮೇಲೆ ಬಾರದಂತೆ ತಡೆಯುವ ಮುಚ್ಚಳ. ಬೀಗ ಹಾಕಿದ ಮನೆಯಲ್ಲಿ ಅದು ಆವಿಯಾಗಿದೆ. ಪ್ರತಿ ಜಾಲರಿಗೂ ಎರಡೆರಡು ಮಗ್ ನೀರು ಹಾಕಿ. ಬಾಲ್ಕನಿ, ಯುಟಿಲಿಟಿ, ವಾಶ್ ಬೇಸಿನ್ ಮರೆಯಬೇಡಿ. ಕಮೋಡ್ ಒಮ್ಮೆ ಫ್ಲಶ್ ಮಾಡಿ ಕಿಟಕಿ ತೆರೆದಿಡಿ.

ಆಮೇಲೂ ನಾತ ಬಂದರೆ ಜಾಲರಿ ಎತ್ತಿ ನೋಡಿ. ಒಳಗೆ ಕವುಚಿದ ಬಟ್ಟಲೊಂದು ಇರಬೇಕು. ನೀರು ಸರಾಗ ಹೋಗಲೆಂದು ಅದನ್ನು ಯಾರಾದರೂ ತೆಗೆದಿಟ್ಟಿದ್ದರೆ ಎಷ್ಟು ನೀರು ಸುರಿದರೂ ತಡೆ ಉಂಟಾಗದು. ಬಟ್ಟಲಿದ್ದರೆ ಅದರಡಿ ಕೂದಲು, ಸೋಪಿನ ಜಿಡ್ಡು ಗಟ್ಟಿಯಾಗಿರುತ್ತದೆ, ಗ್ಲೌಸ್ ಹಾಕಿ ತೆಗೆಯಿರಿ. ವಾಷಿಂಗ್ ಮಷಿನ್ ಪೈಪನ್ನು ತೂತಿಗೆ ಹಾಗೇ ತುರುಕಿದ್ದರೆ ಸುತ್ತಲಿನ ಸಂದಿಯನ್ನೂ ಮುಚ್ಚಿಸಿ. ಮುಂದಿನ ಸಲ ಊರಿಗೆ ಹೊರಡುವಾಗ ಟ್ರ್ಯಾಪಿಗೆ ನೀರು ತುಂಬಿ ಮೇಲೆ ಎರಡು ಚಮಚ ಸೂರ್ಯಕಾಂತಿ ಎಣ್ಣೆ ಬಿಡಿ, ಆವಿಯಾಗುವುದು ನಿಧಾನವಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಒಗೆದ ಟವೆಲ್‌ಗಳು ಒಣಗಿದ ಮೇಲೂ ಮುಗ್ಗಲು ವಾಸನೆ. ಸುವಾಸನೆಯ ಸಾಫ್ಟ್‌ನರ್ ಹಾಕುತ್ತಿದ್ದೇವೆ.
– ಓದುಗರು, ಮಡಿಕೇರಿ

ಉತ್ತರ: ಮೊದಲು ಅದನ್ನು ನಿಲ್ಲಿಸಿ. ಸಾಫ್ಟ್‌ನರ್ ಎಳೆಗಳ ಮೇಲೆ ಜಿಡ್ಡಿನಂತೆ ಕೂರುತ್ತದೆ, ಟವೆಲ್ ನೀರು ಹೀರುವುದೂ ಕಡಿಮೆಯಾಗುತ್ತದೆ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಹತ್ತಿ ಟವೆಲ್ ಅರ್ಧ ಗಂಟೆ ನೆನೆಸಿ ಒಗೆಯಿರಿ. ರೇಷ್ಮೆ, ಉಣ್ಣೆಗೆ ಇದು ಬೇಡ. ಎರಡು ಸಲ ಸ್ಪಿನ್ ಮಾಡಿ, ಒಂದೊಂದು ಗೇಣು ಬಿಟ್ಟು ಫ್ಯಾನಿನಡಿ ಹರವಿ. ವಾಸನೆ ಹುಟ್ಟುವುದು ಬಟ್ಟೆ ಒದ್ದೆ ಇರುವ ಹೊತ್ತಿನಲ್ಲಿ, ಅದನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಫ್ರಂಟ್ ಲೋಡ್ ಮಷಿನ್ ಆಗಿದ್ದರೆ ಬಾಗಿಲ ರಬ್ಬರಿನ ಮಡಿಕೆ ಬಿಡಿಸಿ ನೋಡಿ, ಕಪ್ಪು ಲೋಳೆ ಅಲ್ಲೇ ಕೂತಿರುತ್ತದೆ.

ಪ್ರಶ್ನೆ: ಮೀನು ಕೊಯ್ದ ಮಣೆಯ ವಾಸನೆ ಬಿಸಿನೀರಿಗೂ ಹೋಗುವುದಿಲ್ಲವಲ್ಲ?
– ಓದುಗರು, ಕುಂದಾಪುರ

ಉತ್ತರ: ಬಿಸಿನೀರು ಮೊದಲು ಬಿದ್ದರೆ ಮೀನಿನ ಅಂಶ ಮಣೆಯ ಗೀರುಗಳಲ್ಲಿ ಬೆಂದು ಅಂಟಿಕೊಳ್ಳುತ್ತದೆ. ತಣ್ಣೀರಲ್ಲಿ ತೊಳೆದು, ನೆನೆಸಿದ ಹುಣಸೆಹಣ್ಣಿಗೆ ಕಲ್ಲುಪ್ಪು ಸೇರಿಸಿ ತಿಕ್ಕಿ ಐದು ನಿಮಿಷ ಬಿಡಿ. ಮೀನಿನ ವಾಸನೆ ಕ್ಷಾರ ಗುಣದ್ದು, ಹುಳಿ ಅದನ್ನು ಹಿಡಿದಿಡುತ್ತದೆ. ಆಮೇಲೆ ಸೋಪು, ಬಿಸಿನೀರು. ಮಣೆಯನ್ನು ಮಲಗಿಸದೆ ನಿಲ್ಲಿಸಿ ಒಣಗಿಸಿ.