ಮಳೆ ಹಿಡಿದರೆ ಮುನಿಸಿಕೊಳ್ಳುವ ಹಳೆ ಡೆಸ್ಕ್‌ಟಾಪ್

ಪ್ರಶ್ನೆ: ನಮ್ಮಲ್ಲಿ 2010ರಲ್ಲಿ ತಗೊಂಡ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಕಾಫಿ ತೋಟದ ಲೆಕ್ಕ, ಕಾರ್ಮಿಕರ ಬಟವಾಡೆ ಎಲ್ಲಾ ಅದರಲ್ಲೇ. ಮಳೆಗಾಲದಲ್ಲಿ ಆನ್ ಮಾಡಿದರೆ ಬರೀ ಬೀಪ್ ಸದ್ದು, ಸ್ಕ್ರೀನ್ ಬರುವುದಿಲ್ಲ. ಬಂದರೂ ತಾರೀಖು ತಪ್ಪಿರುತ್ತದೆ. ರಿಪೇರಿಯವರು ಗುಜರಿಗೆ ಹಾಕಿ ಅನ್ನುತ್ತಾರೆ. ಹಾಕಲೇ?
– ಓದುಗರು, ನಾಪೋಕ್ಲು

ಉತ್ತರ: ಹಾಕಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಅದಕ್ಕೆ ಮುಪ್ಪಿಗಿಂತ ಥಂಡಿಯೇ ಜಾಸ್ತಿ ಕಾಡುತ್ತಿರುವ ಹಾಗಿದೆ. ನಮ್ಮ ಕಡೆ ಜುಲೈನಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಮೂಲೆಯಲ್ಲಿ ನೆಲದ ಮೇಲೆ ಕೂತ ಸಿಪಿಯು ಡಬ್ಬದ ಪಾಡೇನು!

ಸ್ಕ್ರೀನ್ ಬಂದ ದಿನವೇ ಮೊದಲು ಲೆಕ್ಕದ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಪ್ಲಗ್ ಕಿತ್ತು, ಡಬ್ಬ ಬಿಚ್ಚಿ, ಒಣ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಹಲ್ಲಿ ಮೊಟ್ಟೆ, ಇರುವೆ ಗೂಡು ಸಿಕ್ಕರೆ ಗಾಬರಿ ಬೇಡ, ನನಗಂತೂ ಸಿಕ್ಕಿದೆ. ರ‍್ಯಾಮ್ ಕಾರ್ಡ್ ಹೊರತೆಗೆದು, ಅದರ ಹಳದಿ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಎಷ್ಟೋ ಸಲ ಬೀಪ್ ಸದ್ದು ಇಷ್ಟಕ್ಕೇ ನಿಲ್ಲುತ್ತದೆ. ತಾರೀಖು ತಪ್ಪುವುದಕ್ಕೆ ಮದರ್‌ಬೋರ್ಡ್‌ನ ಗುಂಡು ಸೆಲ್ ಸತ್ತಿರುವುದು ಕಾರಣ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ತಾರೀಖು ಹಿಂದೆ ಹೋದರೆ ವೆಬ್‌ಸೈಟ್‌ಗಳೂ 'ಸುರಕ್ಷಿತವಲ್ಲ' ಅಂತ ತಕರಾರು ತೆಗೆಯುತ್ತವೆ, ಜನ ಸುಮ್ನೆ ವೈರಸ್ ಅಂದುಕೊಳ್ಳುತ್ತಾರೆ.

ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕ್ ಬದಲು ಕೂರಿಸುವ ಚಿಪ್‌ನ ಡ್ರೈವ್‌ಗೆ, ಹಾಕಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಜಿಬಿಯದು ಧಾರಾಳ ಸಾಕು. ಚೂಯಿಂಗ್ ಗಮ್ ಪಟ್ಟಿಯಂಥ ಎನ್‌ವಿಎಂಇ ಅನ್ನುವ ಹೊಸ ಬಗೆಯ ಎಸ್‌ಎಸ್‌ಡಿ ಕೊಡಲು ಬಂದರೆ ಬೇಡ ಅನ್ನಿ, ನಿಮ್ಮ ಬೋರ್ಡ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹಳೆ ಡಿಸ್ಕ್‌ನಲ್ಲಿ ಮುಳ್ಳು ಅತ್ತಿತ್ತ ಓಡಾಡಿ ಒಂದೊಂದೇ ಫೈಲ್ ಹುಡುಕಬೇಕು, ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ, ಹಾಗಾಗಿ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ರ‍್ಯಾಮ್ 4 ಜಿಬಿ ಮಾಡಿಸಿ. ಆ ಕಾಲದ ಜಿ31 ಚಿಪ್‌ಸೆಟ್‌ನ ಮದರ್‌ಬೋರ್ಡ್ ಆಗಿದ್ದರೆ ಅದಕ್ಕಿಂತ ಜಾಸ್ತಿ ಹಿಡಿಯುವುದೂ ಇಲ್ಲ. ಅದಕ್ಕೆ ಬೇಕಾದ ಡಿಡಿಆರ್2 ಅನ್ನುವ ಹಳೆ ಬಗೆಯ ರ‍್ಯಾಮ್‌ಗೆ ಈಗ ಸೆಕೆಂಡ್ ಹ್ಯಾಂಡೇ ಗತಿ, ಹಳೇ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಬನ್ನಿ.

ವಿಂಡೋಸ್ 7ಗೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿದೆ. ವಿಂಡೋಸ್ 11ರ ಈಗಿನ ಆವೃತ್ತಿಗಳು ಕೋರ್ 2 ಡ್ಯುಯೊದಲ್ಲಿ ಬೂಟೇ ಆಗುವುದಿಲ್ಲ. ಇಂಟರ್ನೆಟ್ ಬೇಕಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿಸಿ. ಆದರೆ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಸಾಹಸ ಬೇಡ, ಅದು ವಿಂಡೋಸ್‌ಗಾಗಿ ಮಾಡಿದ ಲೆಕ್ಕದ ಸಾಫ್ಟ್‌ವೇರ್, ವಿಂಡೋಸ್ 7 ಇರಲಿ, ನೆಟ್ ಕೇಬಲ್ ಕಿತ್ತಿಡಿ, ಇಮೇಲ್‌ಗೆ ಮೊಬೈಲ್ ಇದೆಯಲ್ವಾ?

ಡಬ್ಬವನ್ನು ನೆಲದಿಂದ ಎತ್ತಿ ಸ್ಟೂಲ್ ಮೇಲಿಡಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿ, ಅದರ ಕಾವಿಗೇ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಗುಡುಗು–ಸಿಡಿಲಿನ ಜೊತೆಗೇ ಬರುತ್ತದೆ. ಆಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಮೋಡೆಮ್ ತಂತಿಯನ್ನೂ ಕಿತ್ತಿಡಿ.